ಕೊಡಲಿ ಬಚ್ಚಿಟ್ಟ ಮಗಳು

ಸಿರಸಂಗಿ ಕಾಳಮ್ಮನ ಕಥೆಯನ್ನು ಒಮ್ಮೆ ಪೂರ್ತಿ ಕೇಳಿದವರಿಗೆ ಈ ಸೀಮೆಯ ಊರುಗಳ ಹೆಸರು ಬಾಯಿಪಾಠವಾಗಿಬಿಡುತ್ತವೆ. ಲೋಕಕ್ಕೆ ಕಂಟಕರಾಗಿದ್ದ ರಕ್ಕಸರನ್ನು ಕಾಳಿಕಾದೇವಿ ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಬಂದಳಂತೆ. ನಲುಂದಾಸುರನ ಊರು ನರಗುಂದ, ನವಲುಂದಾಸುರನದು ನವಲಗುಂದ. ಹಿರಿಕುಂಭಾಸುರ ಮತ್ತು ಚಿಕ್ಕಕುಂಭಾಸುರರ ಊರುಗಳು ಹಿರೇಕುಂಬಿ, ಚಿಕ್ಕುಂಬಿ. ಬೆಟ್ಟಾಸುರನದು ಬೆಟಸೂರ. ಎಲ್ಲರನ್ನೂ ಮುಗಿಸಿದ ತಾಯಿ ಸಿರಸಂಗಿಗೆ ಬಂದು ನೆಲೆ ನಿಂತಳು. ರಕ್ಕಸರು ಅಲ್ಲಿ ಆಳುತ್ತಿದ್ದರು ಎನ್ನುವವರಿದ್ದಾರೆ, ಅಲ್ಲಿ ಬಿದ್ದರು ಎನ್ನುವವರೂ ಇದ್ದಾರೆ. ಹೇಳುವ ಬಾಯಿ ಬದಲಾದಂತೆ ರಕ್ಕಸರ ಹೆಸರೂ ತುಸು ಬದಲಾಗುತ್ತದೆ. ಊರುಗಳ ಹೆಸರು ಮಾತ್ರ ಬದಲಾಗುವುದಿಲ್ಲ, ಏಕೆಂದರೆ ಆ ಊರುಗಳಿಗೆ ಇವತ್ತೂ ಬಸ್ಸು ಹೋಗುತ್ತದೆ.

ವಿಶ್ವಕರ್ಮ ಸಮಾಜಕ್ಕೆ ಸಿರಸಂಗಿ ದೊಡ್ಡ ಕ್ಷೇತ್ರ. ಯುಗಾದಿ ಹೊತ್ತಿಗೆ ನಡೆಯುವ ಜಾತ್ರೆಗೆ ಬಡಿಗೇರರು, ಕಮ್ಮಾರರು, ಪತ್ತಾರರು ಎಲ್ಲೆಲ್ಲಿಂದಲೋ ಬರುತ್ತಾರೆ. ಒಕ್ಕಲುತನದ ಮನೆಗಳವರೂ ಅಷ್ಟೇ ನಂಬಿಕೆಯಿಂದ ನಡೆದುಕೊಳ್ಳುತ್ತಾರೆ. ಹೀಗಾಗಿ ಈ ಭಾಗದ ಮಕ್ಕಳಿಗೆ ಪುರಾಣ ಪುಸ್ತಕದಿಂದ ಬರುವುದಲ್ಲ. ಜಾತ್ರೆಗೆ ಹೋಗುವ ಟ್ರ್ಯಾಕ್ಟರಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿಸಿಕೊಂಡದ್ದು ಅದು.

ಮಾಸ್ತರಿಕೆ ಮಾಡುತ್ತಿದ್ದಾಗ ಈ ಕಥೆಯನ್ನು ಒಂಬತ್ತನೇ ತರಗತಿಗೆ ಕೊಟ್ಟಿದ್ದೆ. ‘ನಿಮ್ಮ ಸುತ್ತಮುತ್ತಲಿನ ಪುರಾಣವನ್ನು ನಿಮ್ಮ ಬಾಯಿಂದ ಹೇಳಿರಿ, ಆಮೇಲೆ ಬರೆಯಿರಿ’ ಎನ್ನುವುದಷ್ಟೇ ಕೆಲಸ. ಕುಂಬಿಗಳ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸರ, ನಮ್ಮೂರಿಗೆ ಇಟ್ಟದ್ದು ರಾಕ್ಷಸನ ಹೆಸರು ಅಂದಮ್ಯಾಲ, ನಾವು ಯಾರ ಕಡೆಯವರ್ರಿ?’

ಇಡೀ ತರಗತಿ ನಕ್ಕಿತು. ಹುಡುಗ ನಗಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನಾನು ಕೊಡಲು ಹೋಗಲಿಲ್ಲ, ‘ನೀನೇ ಕತಿ ಕಟ್ಟಿ ಹೇಳು’ ಎಂದೆ. ಅವನು ಕಟ್ಟಿದ ಕಥೆಯಲ್ಲಿ ರಕ್ಕಸ ಸಾಯುವ ಮೊದಲು ದೇವಿಯನ್ನು ಒಂದು ಮಾತು ಕೇಳುತ್ತಾನೆ: ‘ತಾಯಿ, ನನ್ನ ಜೀವ ತಗೊ, ಹೆಸರು ಬಿಡು.’ ದೇವಿ ಒಪ್ಪುತ್ತಾಳೆ. ಅಂದಿನಿಂದ ಆ ಊರಿನ ಜನ ಕಾಗದದ ಮೇಲೆ ವಿಳಾಸ ಬರೆದಾಗೆಲ್ಲ ರಕ್ಕಸನಿಗೆ ಒಮ್ಮೆ ಜೀವ ಬರುತ್ತದೆ, ಕಾಳಮ್ಮನ ಜಾತ್ರೆಗೆ ಹೋಗಿ ಕಾಯಿ ಒಡೆಸಿದಾಗ ಮತ್ತೆ ಮಲಗುತ್ತಾನೆ. ಊರಿನವರು ಇಬ್ಬರ ಕಡೆಯವರೂ ಹೌದು ಎನ್ನುವುದು ಅವನು ಕಂಡುಕೊಂಡ ಉತ್ತರ. ದೇವಿಗೆ ಅವನು ಎಳ್ಳಷ್ಟೂ ಅಗೌರವ ತೋರಲಿಲ್ಲ, ಸತ್ತವನನ್ನು ಹೀಗಳೆಯಲೂ ಇಲ್ಲ. ಪುರಾಣವನ್ನು ಹೀಗೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಮಗುವನ್ನು ಕಂಡಾಗ ಮೇಷ್ಟ್ರಾದವನಿಗೆ ಆಗುವ ಖುಷಿಯೇ ಬೇರೆ.

ದೇಸಾಯಿಯ ಊರು, ರಾಮಾನುಜನ್ ಕೇಳಿದ ಕಥೆಗಳು

ಸಿರಸಂಗಿ ಎಂದರೆ ಕಾಳಮ್ಮನ ಜತೆಗೇ ನೆನಪಾಗುವ ಹೆಸರು ಲಿಂಗರಾಜ ದೇಸಾಯಿಯವರದು. 1861ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿ, ದತ್ತಕನಾಗಿ ಸಿರಸಂಗಿಯ ವಾಡೆಗೆ ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದರು, 1906ರಲ್ಲಿ ತೀರಿಕೊಂಡರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು ಹೋದವರು. ನವಲಗುಂದ–ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಓದಿ ಮೇಲೆ ಬಂದ ತಲೆಮಾರುಗಳೇ ಉತ್ತರ ಕರ್ನಾಟಕದಲ್ಲಿವೆ. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಕಟ್ಟಿದ ಕಾಲೇಜಿಗೆ ಇಟ್ಟದ್ದು ಅವರದೇ ಹೆಸರು.

1950ರ ದಶಕದಲ್ಲಿ ಆ ಲಿಂಗರಾಜ ಕಾಲೇಜಿಗೆ ಮೈಸೂರು ಕಡೆಯ ತರುಣನೊಬ್ಬ ಇಂಗ್ಲಿಷ್ ಅಧ್ಯಾಪಕನಾಗಿ ಬಂದ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವುದು, ಬಿಡುವಾದಾಗ ಬೆಳಗಾವಿ ಸೀಮೆಯ ಹೆಂಗಸರು ಹೇಳುವ ಕಥೆಗಳನ್ನು ಕೇಳಿ ಬರೆದುಕೊಳ್ಳುವುದು. ಆತ ಎ.ಕೆ. ರಾಮಾನುಜನ್. ಮುಂದೆ ಷಿಕಾಗೋಗೆ ಹೋಗಿ ಜಗತ್ತಿಗೇ ಗೊತ್ತಾದರು. ನಮ್ಮ ಅಡುಗೆಮನೆಯ ಕಥೆಗಳಿಗೂ ವ್ಯಾಸ ವಾಲ್ಮೀಕಿಯರ ಪಂಕ್ತಿಯಲ್ಲಿ ಮಣೆ ಹಾಕಬೇಕು ಎಂದು ವಿದ್ವಾಂಸರಿಗೆ ಮನಗಾಣಿಸಿದವರು ಅವರು.

‘ಮುನ್ನೂರು ರಾಮಾಯಣಗಳು’ ಎಂದು ಹೆಸರಾದ ಅವರ ಪ್ರಬಂಧದಲ್ಲಿ ಕನ್ನಡದ ಒಂದು ಜನಪದ ರಾಮಾಯಣದ ಪ್ರಸ್ತಾಪವಿದೆ. ರಾಮೇಗೌಡರು ಸಂಗ್ರಹಿಸಿದ ಹಾಡು ಅದು. ಮಕ್ಕಳಿಲ್ಲದ ರಾವುಳ ಶಿವನಿಂದ ಮಾವಿನಹಣ್ಣು ಪಡೆಯುತ್ತಾನೆ. ಹೆಂಡತಿಗೆ ಕೊಡಬೇಕಾದ ತಿರುಳನ್ನು ತಾನೇ ತಿಂದು ಬಸುರಾಗುತ್ತಾನೆ. ದಿನಕ್ಕೊಂದು ತಿಂಗಳು ತುಂಬಿ ಒಂಬತ್ತನೇ ದಿನ ಸೀನುತ್ತಾನೆ, ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಅಲ್ಲಿಗೆ ಸೀತೆ ರಾವಣನ ಮಗಳೇ ಆದಳು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಈ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟಾಗ ದೇಶದಲ್ಲೆಲ್ಲ ಗದ್ದಲವಾಯಿತು. ನಮ್ಮ ಹಳ್ಳಿಗಳಲ್ಲಿ ಇಂಥ ಕಥೆಗಳನ್ನು ಹಾಡಿದವರೂ ಕೇಳಿದವರೂ ಭಕ್ತರೇ. ಅವರ ರಾಮನಿಗೆ ಇದರಿಂದ ಯಾವ ಕೊರತೆಯೂ ಆಗಿರಲಿಲ್ಲ.

ಸಿರಸಂಗಿಯ ದೇಸಾಯಿ ತನ್ನ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬಿಟ್ಟುಹೋದದ್ದಕ್ಕೂ, ಅವರ ಹೆಸರಿನ ಕಾಲೇಜಿನ ಅಧ್ಯಾಪಕನೊಬ್ಬ ಹಳ್ಳಿಯ ಅಜ್ಜಿಯರ ಮುಂದೆ ವಿದ್ಯಾರ್ಥಿಯಾಗಿ ಕೂತದ್ದಕ್ಕೂ ಯಾರೂ ಮೊದಲೇ ಹಾಕಿದ ಗಂಟೇನಿಲ್ಲ. ಆದರೂ ಈ ಭಾಗದ ಶಾಲೆಗಳಲ್ಲಿ ಮಕ್ಕಳಿಂದ ಕಥೆ ಹೇಳಿಸುವವರಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ? ರಾಮಾನುಜನ್ ಮಾಡಿದ್ದನ್ನೇ ನಮ್ಮ ಎಂಟನೇ ತರಗತಿಯ ಹುಡುಗಿ ತನ್ನ ಮನೆಯ ಪಡಸಾಲೆಯಲ್ಲಿ ಮಾಡಬಹುದು. ಅವಳಿಗೆ ಇನ್ನೊಂದು ಅನುಕೂಲವೂ ಉಂಟು. ಕಥೆ ಹೇಳುವಾಕೆ ಅವಳ ಸ್ವಂತ ಆಯಿ, ಮಧ್ಯದಲ್ಲಿ ತಡೆದು ‘ಯಾಕ?’ ಎಂದು ಕೇಳುವ ಸಲಿಗೆ ಅವಳಿಗಿದೆ.

ಶಬರಿ ಯಾವ ಊರಿನವಳು?

ಕರ್ನಾಟಕದ ಶಾಲೆಗಳಲ್ಲಿ ಕಥೆ ಹೇಳುವುದಕ್ಕೆ ಇರುವ ದೊಡ್ಡ ವೇದಿಕೆ ಪ್ರತಿಭಾ ಕಾರಂಜಿ. ಕ್ಲಸ್ಟರಿನಿಂದ ತಾಲೂಕು, ಅಲ್ಲಿಂದ ಜಿಲ್ಲೆ, ರಾಜ್ಯ. ಕಂಠಪಾಠ, ಛದ್ಮವೇಷ, ಅಭಿನಯ ಗೀತೆ, ಮಣ್ಣಿನ ಮಾದರಿಗಳ ಜತೆಗೆ ಕಥೆ ಹೇಳುವ ಸ್ಪರ್ಧೆಯೂ ಇರುತ್ತದೆ. ಬೈಲಹೊಂಗಲ–ಕಿತ್ತೂರು ಕಡೆ ಛದ್ಮವೇಷ ಎಂದರೆ ರಾಣಿ ಚನ್ನಮ್ಮ, ಸಂಗೊಳ್ಳಿ ರಾಯಣ್ಣ. ಕಟ್ಟಿಗೆಯ ಕತ್ತಿ ಹಿಡಿದ ಪುಟ್ಟ ಚನ್ನಮ್ಮರು ಶಾಲೆಯ ಅಂಗಳದ ತುಂಬ ಓಡಾಡುತ್ತಿರುತ್ತಾರೆ. ಕಥೆಯ ಸರದಿ ಬಂದರೆ ರಾಮಾಯಣ, ಮಹಾಭಾರತ, ಪಂಚತಂತ್ರ. ಈ ಕಾರ್ಯಕ್ರಮದ ಬಗ್ಗೆ ನನಗೆ ಗೌರವವಿದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ಮಕ್ಕಳನ್ನು ಮೈಕಿನ ಮುಂದೆ ತಂದು ನಿಲ್ಲಿಸಿದ್ದು ಅದು. ಮನಸ್ಸಿಗೆ ನೋವಾಗುವುದು ತೀರ್ಪಿನ ಹೊತ್ತಿಗೆ.

ಒಂದು ಸಲ ಐದನೇ ತರಗತಿಯ ಹುಡುಗಿ ಶಬರಿಯ ಕಥೆ ಹೇಳಿದಳು. ಶಬರಿ ಸುರೇಬಾನದ ಹತ್ತಿರದ ಕೊಳ್ಳದಲ್ಲಿ ಇದ್ದಳು, ರಾಮ ಅಲ್ಲಿಗೆ ಬಂದ, ಆಕೆ ಬಾರಿಹಣ್ಣನ್ನು ಕಚ್ಚಿ ನೋಡಿ ಸಿಹಿ ಇದ್ದದ್ದನ್ನು ಮಾತ್ರ ಕೊಟ್ಟಳು. ಹೇಳುತ್ತ ಹೇಳುತ್ತ ಹುಡುಗಿ ನಿಜವಾಗಿಯೂ ಹಣ್ಣು ಕಚ್ಚಿದಂತೆ ಮಾಡಿ, ಹುಳಿಗೆ ಮುಖ ಕಿವುಚಿ, ಬೀಜ ಉಗುಳಿದಳು. ಕೂತ ಮಕ್ಕಳ ಬಾಯಲ್ಲೆಲ್ಲ ನೀರು. ‘ಶಬರಿ ಇದ್ದದ್ದು ಪಂಪಾ ಸರೋವರದ ದಂಡೆಗೆ, ಹಂಪಿ ಕಡೆ, ತಪ್ಪು ಹೇಳಿದಳು’ ಎಂದು ಅಂಕ ಕಡಿತವಾಯಿತು. ಅಕ್ಷರ ತಪ್ಪದೆ ಉರು ಹೊಡೆದು ಬಂದಿದ್ದ ಮಗುವಿಗೆ ಬಹುಮಾನ ಹೋಯಿತು.

ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳ ಇದೆ, ಅಲ್ಲಿ ಶಬರಿಯ ಗುಡಿ ಇದೆ. ತಲೆಮಾರುಗಳಿಂದ ಜನ ಹೋಗಿ ಬರುತ್ತಿದ್ದಾರೆ. ಆನೆಗುಂದಿ ಕಡೆಯವರು ಪಂಪಾ ಸರೋವರದ ಹತ್ತಿರವೇ ಶಬರಿಯ ಗುಹೆ ತೋರಿಸುತ್ತಾರೆ. ಎರಡೂ ಕಡೆ ಆಕೆ ಕಾದಿದ್ದಾಳೆ. ಇನ್ನು ಹಣ್ಣಿನ ವಿಚಾರ: ಕಚ್ಚಿ ಕೊಟ್ಟ ಹಣ್ಣಿನ ಪ್ರಸಂಗ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲವೇ ಇಲ್ಲ. ಅರಣ್ಯಕಾಂಡದ ಶಬರಿ ಕಾಡಿನಲ್ಲಿ ಸಿಕ್ಕಿದ್ದನ್ನು ಕೂಡಿಟ್ಟು ರಾಮನಿಗೆ ಒಪ್ಪಿಸುತ್ತಾಳೆ, ಅಷ್ಟೇ. ಎಂಜಲ ಹಣ್ಣು ಆಮೇಲಿನ ಭಕ್ತರು ಸೇರಿಸಿದ್ದು. ಸೇರಿಸಿದವರು ಯಾರೇ ಇರಲಿ, ದೊಡ್ಡ ಕಥೆಗಾರರು. ಇಂದು ಭಾರತದಲ್ಲಿ ಶಬರಿ ಎಂದರೆ ಜನರಿಗೆ ನೆನಪಾಗುವುದು ಆ ಹಣ್ಣೇ. ಬಹುಮಾನ ಪಡೆದ ಮಗುವೂ ಎಂಜಲ ಹಣ್ಣಿನ ಕಥೆಯನ್ನೇ ಹೇಳಿತ್ತು. ಆ ಬದಲಾವಣೆ ಹಳೆಯದಾದ್ದರಿಂದ ಸರಿ ಎನಿಸಿಕೊಂಡಿತು, ಸುರೇಬಾನ ಮಾತ್ರ ತಪ್ಪಾಯಿತು.

ಆ ಹುಡುಗಿ ಅಳಲಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ನನ್ನನ್ನು ಕೇಳಿದ್ದು ಇಷ್ಟು: ‘ಸರ, ರಾಮಗ ಎರಡೂ ಕಡೆ ಹೋಗಾಕ ಬರ್ತಿರಲಿಲ್ಲೇನ್ರಿ?’

ಕಥೆ ಹೇಳುವ ಸ್ಪರ್ಧೆಯಲ್ಲಿ ‘ಸರಿಯಾದ ಪಾಠ’ ಎಂಬುದನ್ನು ಅಳೆಯುವುದೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗು ಕಥೆಯನ್ನು ಯಾರಿಂದ ಕೇಳಿತು, ಎಲ್ಲಿ ನಿಲ್ಲಿಸಿತು, ಯಾರ ಕಡೆ ನೋಡಿ ಹೇಳಿತು, ಕೇಳುವವರನ್ನು ಎಷ್ಟು ಹೊತ್ತು ಹಿಡಿದಿಟ್ಟಿತು, ಅಳೆಯಬೇಕಾದದ್ದು ಇವನ್ನು.

ಹೂಂ ಎನ್ನುವವರು ಬೇಕು

ಹೇಳುವ ಕಸುಬನ್ನು ಕಲಿಯಲು ಮಕ್ಕಳು ದೂರ ಹೋಗಬೇಕಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಚೌಡಿಕೆ ಪದ ಕೇಳಿದರೆ ಸಾಕು. ಚೌಡಿಕೆ ಎಂದರೆ ಒಂದು ಕಡೆ ಚರ್ಮ ಬಿಗಿದ ಪೊಳ್ಳು ಕಟ್ಟಿಗೆಯ ಕೊಳವೆ. ಆ ಚರ್ಮದ ನಡುವಿನಿಂದ ಹೊರಟ ತಂತಿ ಮೇಲಕ್ಕೆ ಚಾಚಿದ ಕೋಲಿನ ಕುಣಿಕೆಗೆ ಹೋಗಿ ಸೇರುತ್ತದೆ. ಅದನ್ನು ಎಡಗಂಕುಳಲ್ಲಿ ಅವುಚಿ ಹಿಡಿದು ಬಲಗೈಯಿಂದ ಮೀಟುತ್ತ ಹಾಡುತ್ತಾರೆ. ಪಕ್ಕದಲ್ಲಿ ಶ್ರುತಿ ಹಿಡಿಯುವವರು, ತಾಳದವರು. ಕಥೆ ಬಿಗಿಯಾದ ಕಡೆ ಹಾಡು ನಿಂತು ಮಾತು ಶುರುವಾಗುತ್ತದೆ. ಮಾತಿನಲ್ಲಿ ಒಂದು ಪ್ರಶ್ನೆ ಬಂದು, ಹಿಮ್ಮೇಳದವರು ‘ಹೌದೇನವ್ವಾ? ಆಮ್ಯಾಲ?’ ಎನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿರುವ ಪ್ರಶ್ನೆಯೇ ಅದು. ಉತ್ತರ ಹೇಳುವ ಮೊದಲು ತಂತಿ ಒಂದು ಸುತ್ತು ಮೀಟಿಸಿಕೊಳ್ಳುತ್ತದೆ. ಆ ಒಂದು ಸುತ್ತು ಎಷ್ಟು ಉದ್ದ ಇರಬೇಕು ಎಂಬುದರಲ್ಲಿದೆ ಹೇಳುವವರ ಹಿರಿಮೆ.

ತರಗತಿಯಲ್ಲಿ ನಾನು ತಂದುಕೊಂಡದ್ದು ಇದನ್ನೇ. ಕಥೆ ಹೇಳುವ ಪ್ರತಿ ಮಗುವಿಗೂ ಹೂಂಗುಟ್ಟಲು ಜತೆಗೊಬ್ಬರು. ಬರೀ ‘ಹೂಂ’ ಎಂದರೆ ನಡೆಯುವುದಿಲ್ಲ, ಅನುಮಾನ ಬಂದಲ್ಲಿ ಕೇಳಬೇಕು. ಮೊದಲು ಮನೆಯಲ್ಲಿ ಹಿರಿಯರಿಂದ ಕೇಳಿಕೊಂಡು ಬರಬೇಕು. ಆಮೇಲೆ ಅಚ್ಚಾದ ಒಂದು ಪಾಠ ಓದಬೇಕು: ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’, ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಪುಸ್ತಿಕೆಗಳು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ‘ಅಮರ ಚಿತ್ರಕಥೆ’, ಲೈಬ್ರರಿಯ ಟ್ರಂಕಿನಲ್ಲಿ ಸಿಕ್ಕಿದ್ದು. ಎರಡರ ನಡುವೆ ಎಲ್ಲಿ ಹೊಂದುವುದಿಲ್ಲ ಎಂದು ನೋಡಬೇಕು. ಹೊಂದದ ಜಾಗದಲ್ಲಿಯೇ ಮಗುವಿನ ಸ್ವಂತ ಕಥೆ ಹುಟ್ಟುತ್ತದೆ. ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಬರೆಯಲು ಹಚ್ಚಿದರೆ ಮಕ್ಕಳು ಗೈಡಿನ ಕನ್ನಡಕ್ಕೆ ಬೀಳುತ್ತಾರೆ, ಆಯಿಯ ಮಾತು ಹಾರಿಹೋಗುತ್ತದೆ.

ರೇಣುಕೆಗೆ ಒಬ್ಬ ಮಗಳಿದ್ದಿದ್ದರೆ

ಹಾಗೆ ಹುಟ್ಟಿದ ಕಥೆಗಳಲ್ಲಿ ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಇಬ್ಬರು ಹುಡುಗಿಯರು ಸೇರಿ ಮಾಡಿದ ಯಲ್ಲಮ್ಮನ ಕಥೆ.

ಮೂಲ ಎಲ್ಲರಿಗೂ ಗೊತ್ತು. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಮಲಪ್ರಭೆಗೆ ಹೋಗಿ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿಕೊಂಡು ನೀರು ತರುತ್ತಿದ್ದಳು. ಒಂದು ದಿನ ನೀರಿನಲ್ಲಿ ಆಡುತ್ತಿದ್ದ ಗಂಧರ್ವನನ್ನು ಕಂಡು ಮನಸ್ಸು ಒಂದು ಗಳಿಗೆ ಅತ್ತ ಹೋಯಿತು. ಉಸುಕು ಕೊಡವಾಗಲಿಲ್ಲ, ಹಾವು ಹರಿದುಹೋಯಿತು. ಗಂಡನ ಶಾಪದಿಂದ ಮೈತುಂಬ ರೋಗ. ಏಕನಾಥ–ಜೋಗಿನಾಥರ ಕೃಪೆಯಿಂದ ಜೋಗುಳಬಾವಿಯ ನೀರಿನಲ್ಲಿ ಗುಣವಾಗಿ ಮನೆಗೆ ಬಂದರೂ ಮುನಿಯ ಸಿಟ್ಟು ಇಳಿಯಲಿಲ್ಲ. ತಾಯಿಯ ತಲೆ ಕಡಿಯಲು ಮಕ್ಕಳಿಗೆ ಹೇಳಿದ. ಹಿರಿಯ ನಾಲ್ವರು ಒಲ್ಲೆ ಎಂದರು, ಕಿರಿಯ ಪರಶುರಾಮ ಕಡಿದ. ತಂದೆ ವರ ಕೊಡುತ್ತೇನೆಂದಾಗ ತಾಯಿಯ ಜೀವವನ್ನೇ ಮರಳಿ ಬೇಡಿದ. ಮುಂದೆ ಕಾರ್ತವೀರ್ಯಾರ್ಜುನನ ಕಡೆಯಿಂದ ಜಮದಗ್ನಿಯ ಕೊಲೆ. ರೇಣುಕೆ ಬಳೆ ಒಡೆದುಕೊಂಡದ್ದಕ್ಕೊಂದು ಹುಣ್ಣಿಮೆ, ಮತ್ತೆ ಮುತ್ತೈದೆಯಾದದ್ದಕ್ಕೊಂದು ಹುಣ್ಣಿಮೆ. ಗುಡ್ಡದ ಇಡೀ ವರ್ಷ ಈ ಕಥೆಯ ಮೇಲೆಯೇ ನಡೆಯುತ್ತದೆ.

ಹುಡುಗಿಯರು ಹಿಡಿದ ಎಳೆ: ರೇಣುಕೆಗೆ ಐವರು ಗಂಡುಮಕ್ಕಳು, ಹೆಣ್ಣುಮಗಳಿಲ್ಲ. ಒಬ್ಬ ಮಗಳಿದ್ದಿದ್ದರೆ? ಅವರ ಕಥೆಯಲ್ಲಿ ಆರನೆಯ ಮಗು ಒಂದು ಹುಡುಗಿ, ಹೆಸರಿಲ್ಲ, ಎಲ್ಲರೂ ‘ತಂಗಿ’ ಎನ್ನುತ್ತಾರೆ. ಅವ್ವನಿಗೆ ಮನೆಯಲ್ಲಿ ಏನೋ ಕೇಡು ಕಾದಿದೆ ಎಂದು ಮೊದಲು ಗೊತ್ತಾಗುವುದು ಅವಳಿಗೆ. ಅಪ್ಪ ಅಣ್ಣಂದಿರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುವಾಗ ಅವಳು ಹಿತ್ತಲಿಗೆ ಹೋಗಿ ಪರಶುರಾಮನ ಕೊಡಲಿಯನ್ನು ತೆಗೆದು ಕಣಕಿ ಬಣವಿಯಲ್ಲಿ ಬಚ್ಚಿಡುತ್ತಾಳೆ. ಪರಶುರಾಮ ಕೊಡಲಿ ಹುಡುಕುತ್ತಾನೆ. ಅಡಿಗೆಮನೆ, ದನದ ಕೊಟ್ಟಿಗೆ, ಹಗೇವು. ಹುಡುಕುತ್ತ ಹುಡುಕುತ್ತ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗಿದ್ದರಿಂದ ಅಪ್ಪ ಸಂಧ್ಯಾವಂದನೆಗೆ ಏಳುತ್ತಾನೆ. ಎದ್ದು ನೋಡಿದರೆ ನೀರಿಲ್ಲ. ನೀರು ತರುವವಳು ಕಂಬಕ್ಕೆ ಒರಗಿ ಕೂತಿದ್ದಾಳೆ. ಒಂದು ದಿನ ಸಿಟ್ಟು ತಡೆದರೆ ಏನಾಗುತ್ತದೆ ಎಂಬುದು ಮುನಿಗೆ ಆಗ ಹೊಳೆಯುತ್ತದೆ.

ಶಾಲೆಯಲ್ಲಿ ಪಾಲಕರ ಸಭೆಯ ದಿನ ಇದನ್ನು ಹೇಳಿಸಿದೆ. ಒಬ್ಬಳು ಹೇಳುವವಳು, ಇನ್ನೊಬ್ಬಳು ಹೂಂಗುಟ್ಟುವವಳು. ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳವರೇ ಮುಂದೆ ಕೂತಿದ್ದರು, ನನಗೆ ಒಳಗೊಳಗೇ ಅಳುಕು. ಕಥೆ ಮುಗಿದಾಗ ಒಬ್ಬ ಮುದುಕಿ ಎದ್ದು ಕೇಳಿದಳು: ‘ಕೊಡಲಿ ಬಚ್ಚಿಟ್ಟರ ಕತಿ ಮುಂದ ಹೆಂಗ ಹೋಗಬೇಕವಾ? ತಾಯಿ ಗುಡ್ಡಕ್ಕ ಹೆಂಗ ಬರಬೇಕು?’ ಹುಡುಗಿ ತಡವರಿಸಲಿಲ್ಲ: ‘ತಾಯಿ ಹೆಂಗಿದ್ರೂ ಬರ್ತಿದ್ಲು ಆಯಿ. ಕುತಗಿ ಕೊಯ್ಸಿಕೊಂಡ ಬರಬೇಕಂತ ಏನೈತಿ?’ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಖರೇನ ಐತಿ ತಗೊ’ ಎಂದು ಕೂತಳು.

ಈ ಕಥೆಗೆ ಇಲ್ಲಿ ಇನ್ನೊಂದು ತೂಕವಿದೆ. ಇದೇ ತಾಯಿಯ ಹೆಸರಿನಲ್ಲಿ ಎಷ್ಟು ಬಡ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಾಳು ಹಾಳು ಮಾಡಿದರು ಎಂಬುದು ಈ ಸೀಮೆಯವರಿಗೆ ಗೊತ್ತು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರಲ್ಲೇ ಬಂತು. ಕಾಯ್ದೆ ಬೇಕೇ ಬೇಕು. ಅದರ ಜತೆಗೆ, ಮನೆಯೊಳಗೆ ದೊಡ್ಡವರು ಹೆಣ್ಣಿನ ಮೇಲೆ ಕೊಡಲಿ ಎತ್ತುವಾಗ ಅದನ್ನು ಬಚ್ಚಿಡುವ ಒಬ್ಬ ಮಗಳು ಕಥೆಯೊಳಗೂ ಬೇಕು. ಆ ಇಬ್ಬರು ಹುಡುಗಿಯರು ತಾಯಿಯ ಮೇಲಿನ ಭಕ್ತಿಯಿಂದಲೇ ಅವಳನ್ನು ಹುಟ್ಟಿಸಿದರು.

ಮುಳುಗಿದ ಊರಿನಲ್ಲಿ ದುರ್ಯೋಧನ

ಮಕ್ಕಳಿಗೆ ಹೀಗೆ ಕಥೆ ತಿದ್ದಲು ಬಿಡಬಹುದೇ ಎಂದು ಕೇಳುವವರಿಗೆ ನಾನು ಬೆಳಗಾವಿ ಕಡೆಯಿಂದ ಹೊರಡುವ ಬಸ್ಸುಗಳ ಬೋರ್ಡು ನೋಡಿರಿ ಎನ್ನುತ್ತೇನೆ. ಪೂರ್ವಕ್ಕೆ ಮುಧೋಳ, ರನ್ನನ ಊರು. ಬಳೆಗಾರರ ಮನೆಯ ಹುಡುಗ ಮಹಾಭಾರತದ ಕೊನೆಯ ಗದಾಯುದ್ಧವೊಂದನ್ನೇ ಆರಿಸಿಕೊಂಡು, ಇಡೀ ಭಾರತವನ್ನು ಹಿಂದಿರುಗಿ ನೋಡುವಂತೆ ಅದರೊಳಗೆ ತಂದ. ಭೀಮನನ್ನು ನಾಯಕನನ್ನಾಗಿ ಮಾಡಿದರೂ ಓದಿದವರ ಕಣ್ಣೀರು ದುರ್ಯೋಧನನಿಗೆ ಹೋಗುವಂತೆ ಬರೆದ. ದಕ್ಷಿಣಕ್ಕೆ ಹೋದರೆ ಕೋಳಿವಾಡ, ಗದಗು: ಕುಮಾರವ್ಯಾಸ ಹತ್ತು ಪರ್ವಗಳ ಭಾರತವನ್ನು ಕೃಷ್ಣಕಥೆಯನ್ನಾಗಿ ಹಾಡಿದ ನೆಲ. ಉತ್ತರಕ್ಕೆ ವಿಜಯಪುರದ ಹತ್ತಿರ ತೊರವೆ, ಕುಮಾರವಾಲ್ಮೀಕಿಯ ರಾಮಾಯಣದ ಊರು. ಎಲ್ಲರಿಗಿಂತ ಮೊದಲು ಪಂಪ, 941ರಲ್ಲಿ, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದ. ವ್ಯಾಸರ ಪಾಠ ತಪ್ಪಿತೆಂದು ಪಂಪನ ಅಂಕ ಕಡಿದವರು ಯಾರೂ ಇಲ್ಲ. ಕನ್ನಡದಲ್ಲಿ ಕಾವ್ಯ ಶುರುವಾದದ್ದೇ ಮರುಹೇಳಿಕೆಯಿಂದ.

ರನ್ನನ ಪಾಠ ಮಾಡಿದ ಮೇಲೆ ಹತ್ತನೇ ತರಗತಿಯ ಒಬ್ಬ ಹುಡುಗ ಬರೆದ ಕಥೆ ನನ್ನ ಕಪಾಟಿನಲ್ಲಿ ಜೋಪಾನವಾಗಿದೆ. ಮಕ್ಕಳು, ತಮ್ಮಂದಿರು, ಗೆಳೆಯ ಕರ್ಣ, ಗುರು ದ್ರೋಣ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ರಣರಂಗದ ಹೆಣಗಳನ್ನು ದಾಟಿಕೊಂಡು ಬಂದು ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗುತ್ತಾನಲ್ಲ, ಅಲ್ಲಿಂದ ಹುಡುಗನ ಕಥೆ ಶುರು. ನೀರಿನ ತಳದಲ್ಲಿ ದುರ್ಯೋಧನನಿಗೆ ಒಂದು ಊರು ಕಾಣುತ್ತದೆ. ಗೋಡೆಗಳಿವೆ, ಛಾವಣಿ ಇಲ್ಲ. ಹಣಮಪ್ಪನ ಗುಡಿ, ಕಟ್ಟೆ, ಬಾವಿ, ಹೊಸ್ತಿಲು. ಒಂದು ಮನೆಯ ಗೂಟಕ್ಕೆ ಎತ್ತಿನ ಹಗ್ಗ ಇನ್ನೂ ಕಟ್ಟಿದೆ. ‘ಈ ಊರಿನ ಮಂದಿ ಯಾವ ಯುದ್ಧದಾಗ ಸತ್ತರು?’ ಎಂದು ದೊರೆ ಕೇಳುತ್ತಾನೆ. ಒಂದು ಮೀನು ಹೇಳುತ್ತದೆ: ‘ಯುದ್ಧ ಆಗಿಲ್ಲ. ಎದ್ದು ಹೋಗ್ರಿ ಅಂದರು, ಹೋದರು.’

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ರೇಣುಕಾಸಾಗರ ತುಂಬಿದಾಗ ಹಲವು ಹಳ್ಳಿಗಳು ಹಿನ್ನೀರಿಗೆ ಹೋದವು. ಹುಡುಗನ ಮುತ್ಯಾ ಅಂಥದೊಂದು ಊರಿನವನು. ಬೇಸಿಗೆಯಲ್ಲಿ ನೀರು ಇಳಿದಾಗ ಮೊಮ್ಮಗನನ್ನು ಕರೆದುಕೊಂಡು ಹೋಗಿ ದಂಡೆಯಿಂದ ಬೆರಳು ಮಾಡಿ ತೋರಿಸುತ್ತಿದ್ದನಂತೆ. ಆ ನೀರು ನಾಲ್ಕು ಜಿಲ್ಲೆಯ ಹೊಲಕ್ಕೆ ಹೋಗುತ್ತದೆ, ಹುಬ್ಬಳ್ಳಿ–ಧಾರವಾಡದವರು ಅದನ್ನೇ ಕುಡಿಯುತ್ತಾರೆ. ಅದೂ ನಿಜ, ಮುತ್ಯಾನ ಬೆರಳೂ ನಿಜ. ಎಲ್ಲವನ್ನೂ ಕಳೆದುಕೊಂಡು ನೀರಿಗಿಳಿದ ದೊರೆಯ ದುಃಖ ಎಂಥದೆಂದು ನಾನು ವ್ಯಾಕರಣ ಸಮೇತ ಪಾಠ ಮಾಡಿದ್ದೆ. ಅದನ್ನು ತನ್ನ ಮನೆಯ ಹೊಸ್ತಿಲವರೆಗೆ ತಂದವನು ಆ ಹುಡುಗ.

ಕರಾವಳಿಯವರು ಮಾಡಿದ್ದು

ಈ ಕೆಲಸಕ್ಕೆ ಒಬ್ಬ ಮೇಷ್ಟ್ರ ಉಮೇದಿ ಸಾಲದು, ಏರ್ಪಾಡು ಬೇಕು. ಕರಾವಳಿಯವರು ಅದನ್ನು ಮಾಡಿ ತೋರಿಸಿದ್ದಾರೆ. ಕೋಟದಲ್ಲಿ ಎಚ್. ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಉಡುಪಿಯಲ್ಲಿ ಯಕ್ಷಗಾನ ಕಲಾರಂಗದವರ ಬೆಂಬಲದಿಂದ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೇ ಗುರುಗಳನ್ನು ಕಳಿಸಿ ಮಕ್ಕಳಿಗೆ ಹೆಜ್ಜೆ, ತಾಳ, ಅರ್ಥಗಾರಿಕೆ ಕಲಿಸುತ್ತದೆ. ವರ್ಷದ ಕೊನೆಗೆ ಮಕ್ಕಳು ಪೂರ್ಣ ಪ್ರಸಂಗ ಆಡುತ್ತಾರೆ. ಹುಡುಗಿಯರು ಭೀಮ, ಕಂಸ, ಹನುಮಂತರಾಗುತ್ತಾರೆ. ಮಾತು ಬರೆದುಕೊಟ್ಟದ್ದಾದರೂ, ಪಳಗಿದ ಮಗು ರಂಗದ ಮೇಲೆಯೇ ಒಂದೆರಡು ಮಾತು ತನ್ನದು ಸೇರಿಸುವುದನ್ನು ನೋಡಬೇಕು.

ನಮ್ಮಲ್ಲಿ ಕಲೆಗೆ ಕೊರತೆಯೇ? ಪಕ್ಕದ ಗೋಕಾಕ ಕಡೆಯ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಇದೆ. ಕೌಜಲಗಿ ನಿಂಗಮ್ಮ ಅದನ್ನು ಮನೆಮನೆಯ ಮಾತಾಗಿಸಿದ ನೆಲ ಇದು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡ ಕಥೆಯನ್ನು ರಾತ್ರಿಯಿಡೀ ಎಳೆಯುವ ಆಟದಲ್ಲಿ ದೂತಿಯ ಮಾತಿಗೆ ನಗದವರಿಲ್ಲ. ಆ ದೂತಿ ಎಲ್ಲರನ್ನೂ ಪ್ರಶ್ನಿಸುತ್ತಾಳೆ, ಕೃಷ್ಣನನ್ನೂ ಬಿಡುವುದಿಲ್ಲ. ದೊಡ್ಡಾಟದ ಮಾಸ್ತರರು ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆಯಲ್ಲಿ ರಾಮಾಯಣ ಮಹಾಭಾರತ ಆಡಿಸುತ್ತ ಒಂದು ಜೀವಮಾನವನ್ನೇ ಸವೆಸಿದವರು, ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಂಥವರನ್ನು ವಾರಕ್ಕೊಂದು ಪಿರಿಯಡ್ಡಿಗೆ ಶಾಲೆಗೆ ಕರೆಸಿ, ಗೌರವಧನ ಕೊಟ್ಟು, ಮಕ್ಕಳನ್ನು ಅವರ ಮುಂದೆ ಕೂಡಿಸಬೇಕು. ತಾಲೂಕಿಗೆ ನಾಲ್ಕು ಶಾಲೆಗಳಿಂದ ಶುರು ಮಾಡಿದರೂ ಆದೀತು. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳ ಶಿಕ್ಷಕ ಬಂಧುಗಳು ಇದನ್ನು ಓದುತ್ತಿದ್ದರೆ ನನ್ನ ಬಿನ್ನಹ ಇದೇ.

ಶುರು ಮಾಡುವವರಿಗೆ ಒಂದು ಕಥೆ ಸಿರಸಂಗಿಯಲ್ಲೇ ಕಾದಿದೆ. ಊರಿನ ಹೆಸರನ್ನು ಋಷ್ಯಶೃಂಗನಿಗೆ ಜೋಡಿಸಿ ಹೇಳುವ ಹಿರಿಯರು ಇಲ್ಲಿದ್ದಾರೆ. ಶೃಂಗೇರಿಯ ಹತ್ತಿರದ ಕಿಗ್ಗದವರೂ ಆತ ನಮ್ಮವನೆನ್ನುತ್ತಾರೆ, ಇರಲಿ. ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಹುಡುಗ. ಅಂಗದೇಶಕ್ಕೆ ಬರ ಬಿದ್ದಾಗ ಅವನನ್ನು ಉಪಾಯದಿಂದ ಕರೆತರುತ್ತಾರೆ. ಅವನು ಕಾಲಿಟ್ಟೊಡನೆ ಮಳೆ. ಮುಂದೆ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದವನೂ ಅವನೇ, ಅವನಿಲ್ಲದೆ ರಾಮನ ಜನನವೇ ಇಲ್ಲ. ಇದೇ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ‘ಋಷ್ಯಶೃಂಗ’ ನಾಟಕದಲ್ಲಿ ಆ ಕಥೆಯನ್ನು ನಮ್ಮ ಕಡೆಯ ಬರದ ಹಳ್ಳಿಗೆ ತಂದು ನಿಲ್ಲಿಸಿದ್ದಾರೆ. ಮುಂಗಾರು ಕೈಕೊಟ್ಟ ವರ್ಷ ಹೇಗಿರುತ್ತದೆ ಎಂದು ಎರಿಹೊಲದ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಪಾಠ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಯುಗಾದಿ ಜಾತ್ರೆಯ ಮುನ್ನ ತನ್ನ ಮಕ್ಕಳಿಂದ ಋಷ್ಯಶೃಂಗನ ಕಥೆ ಹೇಳಿಸುವವಳಿದ್ದಾಳೆ. ಮಕ್ಕಳು ಕೇಳಿದ ಪ್ರಶ್ನೆಗಳ ಚೀಟಿಯನ್ನು ನನಗೆ ಕಳಿಸಿದ್ದಳು. ಮೊದಲನೆಯದೇ ಹೀಗಿದೆ: ‘ಮಳಿ ಬಂದಮ್ಯಾಲ ಅಂವಗ ಕಾಡು ನೆನಪಾಗಲಿಲ್ಲೇನ್ರಿ ಟೀಚರ್?’